ಮನೆಯವರ ಬಗ್ಗೆ ಬರೆಯುವ ಕವಿತೆಯಲ್ಲಿ ‘ನಾನು’ ಎಲ್ಲಿದ್ದೇನೆ?

ನೇತ್ರಾವತಿ_ದಡ (ಮಂಗಳೂರು)

ನಾವು ಕೆಲವರು ತಿಂಗಳಿಗೊಮ್ಮೆ ಬಿಜೈಯಲ್ಲಿ ಒಬ್ಬರ ಮನೆಯಲ್ಲಿ ಸೇರಿ ಬರೆದದ್ದನ್ನು ಓದುತ್ತೇವೆ. ಈ ಸಲ ವಿಷಯ ‘ಮನೆಯವರು’ ಅಂತ ಇಟ್ಟಿದ್ದೆವು. ತುಂಬ ಕವಿತೆ ಬಂತು. ಎಲ್ಲ ಓದಿದ ಮೇಲೆ ಮನಸ್ಸಿಗೆ ಹತ್ತಿಕೊಂಡ ಒಂದು ವಿಷಯವನ್ನು ನಿಮ್ಮ ಮುಂದೆ ಇಡಬೇಕು ಅನಿಸಿತು.

ಹೆಚ್ಚಿನ ಕವಿತೆಗಳಲ್ಲಿ ಅಮ್ಮ ತ್ಯಾಗಮಯಿ, ಅಪ್ಪ ನೆರಳು ಕೊಡುವ ಮರ, ಅಜ್ಜಿ ಕತೆಯ ಖಜಾನೆ. ಒಬ್ಬರ ಅಮ್ಮನನ್ನು ಇನ್ನೊಬ್ಬರ ಕವಿತೆಗೆ ಎತ್ತಿ ಹಾಕಿದರೂ ಒಂದು ಅಕ್ಷರ ಬದಲಿಸಬೇಕಾಗಿಲ್ಲ. ಬರೆದವರಂತೂ ಎಲ್ಲಿಯೂ ಕಾಣುವುದಿಲ್ಲ, ಕೈಮುಗಿದು ನಿಂತ ಒಬ್ಬ ಭಕ್ತ ಮಾತ್ರ ಇರುತ್ತಾನೆ. ಆದರೆ ಓದು ಮುಗಿದು ಚಾ ಕುಡಿಯಲು ಕೂತಾಗ ಅದೇ ಜನರ ಬಾಯಿಯಿಂದ ಬಂದ ಮಾತೇ ಬೇರೆ. ‘ನಮ್ಮ ಅಪ್ಪ ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ, ಹೋಯ್ ಅಂತ ಕರೀತಿದ್ರು’ ಅಂದರು ಒಬ್ಬರು. ‘ಕಪ್ಪಾದ್ರೂ ಲಕ್ಷಣ ಉಂಟು’ ಎಂದು ದೊಡ್ಡಮ್ಮ ಹೇಳಿದ್ದನ್ನು ಇನ್ನೊಬ್ಬರು ನೆನಪಿಸಿಕೊಂಡರು. ಆ ಮಾತನ್ನು ಅವರು ನಲವತ್ತನೇ ವಯಸ್ಸಿನಲ್ಲೂ ಸೀರೆ ಆರಿಸುವಾಗ ಕೇಳಿಸಿಕೊಳ್ಳುತ್ತಾರಂತೆ.

ನನ್ನ ಮಟ್ಟಿಗೆ ಕವಿತೆ ಇರುವುದು ಆ ಚಾದ ಮಾತಿನಲ್ಲಿ. ನನ್ನ ಬಣ್ಣ, ನನ್ನ ದನಿ, ನಾನು ನಡೆಯುವ ರೀತಿ, ಯಾವ ಕೆಲಸಕ್ಕೆ ಆಗುತ್ತೇನೆ, ಯಾವುದಕ್ಕೆ ಆಗುವುದಿಲ್ಲ ಎಂದು ಮೊದಲು ತೀರ್ಪು ಕೊಟ್ಟವರು ಮನೆಯವರೇ. ಅವರ ಬಗ್ಗೆ ನಿಜವಾಗಿ ಬರೆಯಲು ಕೂತರೆ ನಮ್ಮ ಮುಖ ಅದರಲ್ಲಿ ಬಂದೇ ಬರುತ್ತದೆ. ಬಾರದೇ ಇದ್ದರೆ ಏನನ್ನೋ ಅಡಗಿಸಿದ್ದೇವೆ ಅಂತಲೇ ಲೆಕ್ಕ. ಎ.ಕೆ. ರಾಮಾನುಜನ್ ಇಂಗ್ಲಿಷಿನಲ್ಲಿ ಬರೆದ ‘ಸೆಲ್ಫ್ ಪೋರ್ಟ್ರೇಟ್’ ಎಂಬ ಪುಟ್ಟ ಕವಿತೆ 1966ರ ಅವರ ಮೊದಲ ಸಂಕಲನದಲ್ಲಿದೆ. ಅಂಗಡಿಯ ಗಾಜಿನಲ್ಲಿ ತನ್ನನ್ನು ಕಂಡವನಿಗೆ ಅದು ಯಾರೋ ಅಪರಿಚಿತನ ಚಿತ್ರದ ಹಾಗೆ ತೋರುತ್ತದೆ. ಆ ಚಿತ್ರದ ಮೂಲೆಯಲ್ಲಿ ಎಷ್ಟೋ ಸಲ ಅವನ ಅಪ್ಪನ ಸಹಿ ಇರುತ್ತದೆ. ಇಡೀ ಕವಿತೆಯಲ್ಲಿ ಅಪ್ಪ ಬರುವುದು ಅಷ್ಟೇ. ಹೊಗಳಿಕೆಯೂ ಇಲ್ಲ, ದೂರೂ ಇಲ್ಲ.

ನಿಮ್ಮ ನಾಲ್ಕು ಸಾಲು ಹಾಕಿ. ಒಟ್ಟಿಗೆ ಕೂತು ನೋಡುವ.


ಬೀಡಿಬ್ರಾಂಚ್ (ಮೂಡುಬಿದಿರೆ)

ಟೀಚರ್, ನಾನು ಬರೆದದ್ದು ಇಷ್ಟು. ನಿಮಗೆ ಅನಿಸಿದ್ದನ್ನು ಹೇಳಿ, ಬೇಸರ ಇಲ್ಲ.

ಅಮ್ಮಾ, ನೀನು ತ್ಯಾಗದ ಮೂರ್ತಿ
ಬೀಡಿ ಕಟ್ಟಿ ಸಾಕಿದ ಕೀರ್ತಿ
ನಿನ್ನ ಋಣವ ತೀರಿಸಲಾರೆ
ಏಳು ಜನ್ಮಕೂ ನೀನೇ ಬೇಕು


ನೇತ್ರಾವತಿ_ದಡ

ಹಾಕಿದ್ದಕ್ಕೆ ಸಂತೋಷ. ಇದರಲ್ಲಿ ನಿಮ್ಮದೇ ಆದ ಮಾತು ಎರಡೇ ಉಂಟು: ‘ಬೀಡಿ ಕಟ್ಟಿ.’ ಉಳಿದದ್ದನ್ನು ಯಾರು ಬೇಕಾದರೂ ಬರೆದಾರು. ಹಾಗಾಗಿ ಆ ಎರಡು ಮಾತಿನ ಹತ್ತಿರವೇ ಕೂತು ಕೇಳುತ್ತೇನೆ. ಅಮ್ಮ ಎಲ್ಲಿ ಕೂತು ಕಟ್ಟುತ್ತಿದ್ದರು? ನೀವು ಆಗ ಎಲ್ಲಿರುತ್ತಿದ್ದಿರಿ? ಕಟ್ಟಿದ ಬೀಡಿಯನ್ನು ಕಂಪೆನಿಯ ಬ್ರಾಂಚಿಗೆ ಕೊಡಲು ಯಾರು ಒಯ್ಯುತ್ತಿದ್ದರು? ಬ್ರಾಂಚಿನವನು ಏನು ಮಾಡುತ್ತಿದ್ದ? ಕವಿತೆ ಅಂತ ಅಂದುಕೊಳ್ಳದೆ, ಇಲ್ಲಿ ಮಾತಾಡುವ ಹಾಗೆ ಬರೆಯಿರಿ.

ಇನ್ನೊಂದು. ‘ಅಮ್ಮಾ, ನೀನು’ ಅಂತ ಶುರು ಮಾಡಿದ ಕೂಡಲೇ ನಮ್ಮ ಕೈ ತಾನಾಗಿ ಪ್ರಾರ್ಥನೆಯ ಕಡೆಗೆ ಹೋಗುತ್ತದೆ. ಸಣ್ಣ ವಯಸ್ಸಿನಿಂದ ಬಾಯಿಪಾಠ ಮಾಡಿದ ಎಲ್ಲ ಸ್ತೋತ್ರಗಳ ಲಯ ಬಂದು ಕೂತುಬಿಡುತ್ತದೆ. ‘ಅವಳು’ ಅಂತ ಬರೆದು ನೋಡಿ. ಒಂದು ಮಾರು ದೂರ ನಿಂತರೆ ಅಮ್ಮ ಕಾಣುತ್ತಾರೆ.


ಹೆಬ್ರಿಯವ

ಟೀಚರ್ ಹೇಳಿದ್ದು ನೂರಕ್ಕೆ ನೂರು ಸರಿ. ನನ್ನದು ಕವಿತೆಯಲ್ಲ, ಆದರೂ ಇಲ್ಲಿಗೆ ಸೇರುತ್ತದೆ.

ನಮ್ಮ ಅಪ್ಪ ಹವ್ಯಾಸಿ ಅರ್ಥಧಾರಿ, ಅಂದರೆ ತಾಳಮದ್ದಳೆಯಲ್ಲಿ (ವೇಷವಿಲ್ಲದೆ ಕೂತು ನಡೆಸುವ ಯಕ್ಷಗಾನದಲ್ಲಿ) ಪಾತ್ರವಾಗಿ ಮಾತಾಡುವವರು. ಮನೆಯಲ್ಲಿ ಮಾತು ಬಹಳ ಕಡಿಮೆ. ‘ಊಟ ಆಯ್ತಾ’, ‘ಗೇಟು ಹಾಕಿದ್ಯಾ’, ಅಷ್ಟರಲ್ಲಿ ದಿನ ಮುಗಿಯುತ್ತಿತ್ತು. ಒಮ್ಮೆ ದೇವಸ್ಥಾನದ ಚಾವಡಿಯಲ್ಲಿ ತಾಳಮದ್ದಳೆ, ‘ಕರ್ಣಭೇದನ’ ಪ್ರಸಂಗ. ಅಪ್ಪ ಕರ್ಣ. ಕೃಷ್ಣ ಬಂದು ‘ನೀನು ಕುಂತಿಯ ಮಗ’ ಎಂದು ಹೇಳುವ ಜಾಗ. ಭಾಗವತರು ಪದ ಹೇಳಿ ನಿಲ್ಲಿಸಿದರು. ಅಪ್ಪ ತುಸು ಹೊತ್ತು ಸುಮ್ಮನೆ ಕೂತು, ಆಮೇಲೆ ಕರ್ಣನ ಬಾಯಲ್ಲಿ ಮಾತು ಶುರು ಮಾಡಿದರು. ‘ಇಷ್ಟು ವರ್ಷ ನಾನು ಯಾರ ಹಾಗೆ ಕಾಣುತ್ತೇನೆ ಎಂದು ಯಾರನ್ನೂ ಕೇಳಲಿಲ್ಲ ಕೃಷ್ಣ. ಕೇಳಿದರೆ ಉತ್ತರ ಕೊಡುವವರು ಇರಲಿಲ್ಲ’ ಎಂಬ ಅರ್ಥದ ಮಾತು. ತಾಳಮದ್ದಳೆಯಲ್ಲಿ ಬರೆದಿಟ್ಟ ಸಂಭಾಷಣೆ ಇಲ್ಲ ಎಂದು ನಿಮಗೆಲ್ಲ ಗೊತ್ತು. ಪದ ಪ್ರಸಂಗಕರ್ತನದು, ಅರ್ಥ ಕೂತವನದು. ಅಪ್ಪನನ್ನು ಸಣ್ಣಂದಿನಲ್ಲೇ ಸೋದರಮಾವನ ಮನೆಯಲ್ಲಿ ಬಿಟ್ಟಿದ್ದರು, ಬೆಳೆದದ್ದು ಅಲ್ಲೇ. ಈ ವಿಷಯ ನನಗೆ ಗೊತ್ತಿದ್ದರೂ ಅದು ಅವರೊಳಗೆ ಹೀಗೆ ಕೂತಿದೆ ಎಂದು ತಿಳಿದದ್ದು ಆ ರಾತ್ರಿ. ಮನೆಗೆ ಬಂದ ಮೇಲೆ ಪುನಃ ‘ಗೇಟು ಹಾಕಿದ್ಯಾ’.

ನಮ್ಮ ಕಡೆಯ ಗಂಡಸರಿಗೆ ತಮ್ಮ ಬಗ್ಗೆ ಹೇಳಿಕೊಳ್ಳಲು ಒಂದು ಪಾತ್ರ ಬೇಕಾಗುತ್ತದೆ ಎಂದು ನನ್ನ ಅಭಿಪ್ರಾಯ. ಅದನ್ನು ನಾನು ಕಡಿಮೆ ಅಂತ ಹೇಳುವುದಿಲ್ಲ. ಕರ್ಣ ಇಲ್ಲದಿದ್ದರೆ ಅಪ್ಪನ ಆ ಮಾತು ಹೊರಗೆ ಬರುತ್ತಲೇ ಇರಲಿಲ್ಲ.


ಹಳೆಮನೆ (ಕುಂಜಿಬೆಟ್ಟು, ಉಡುಪಿ)

ಹೆಬ್ರಿಯವರ ಮಾತು ಹಿಡಿದುಕೊಂಡೇ ಮುಂದಕ್ಕೆ ಹೋಗುತ್ತೇನೆ. ಗಂಡಸರಿಗೆ ತಾಳಮದ್ದಳೆ ಇದ್ದ ಹಾಗೆ ಹೆಂಗಸರಿಗೆ ಇನ್ನೂ ದೊಡ್ಡದೊಂದು ನಮ್ಮಲ್ಲಿ ಉಂಟು: ಸಿರಿ ಪಾಡ್ದನ, ತುಳುವಿನಲ್ಲಿ ಬಾಯಿಂದ ಬಾಯಿಗೆ ಬಂದ ಸಿರಿಯ ಹಾಡುಕತೆ.

ಎಲ್ಲರಿಗೂ ಕತೆ ಪೂರ್ತಿ ಗೊತ್ತಿರಲಿಕ್ಕಿಲ್ಲ, ಚುಟುಕಾಗಿ ಹೇಳುತ್ತೇನೆ. ಸತ್ಯನಾಪುರದಲ್ಲಿ ಅಜ್ಜನ ಆಸರೆಯಲ್ಲಿ ಬೆಳೆದ ಸಿರಿಗೆ ಕಾಂತು ಪೂಂಜನೊಂದಿಗೆ ಮದುವೆ ಆಗುತ್ತದೆ. ಬಸುರಿ ಸಿರಿಯ ಬಯಕೆಗೆಂದು ಗಂಡ ತಂದ ಸೀರೆಯನ್ನು ಅವನ ಸೂಳೆ ಸಿದ್ದು ಮೊದಲು ಉಟ್ಟುಬಿಡುತ್ತಾಳೆ. ಆ ಸೀರೆಯನ್ನು ಸಿರಿ ಮುಟ್ಟುವುದಿಲ್ಲ. ಕೊನೆಗೆ ಗಂಡನಿಗೆ ‘ಬರ’ ಹೇಳಿ, ಅಂದರೆ ಸಂಬಂಧ ಕಡಿದುಕೊಂಡು, ಮಗ ಕುಮಾರನನ್ನು ಎತ್ತಿಕೊಂಡು ಹೊರಡುತ್ತಾಳೆ. ಮುಂದೆ ಅವಳ ಮಗಳು ಸೊನ್ನೆ, ಸೊನ್ನೆಯ ಅವಳಿ ಮಕ್ಕಳು ಅಬ್ಬಗ, ದಾರಗ. ಚೆನ್ನೆಮಣೆ ಆಟದಲ್ಲಿ ಜಗಳವಾಗಿ ಆ ಅಕ್ಕತಂಗಿಯರಲ್ಲಿ ಒಬ್ಬಳು ಇನ್ನೊಬ್ಬಳನ್ನು ಮಣೆಯಿಂದಲೇ ಹೊಡೆದು, ತಾನೂ ಬಾವಿಗೆ ಹಾರುತ್ತಾಳೆ. ಅಕ್ಕತಂಗಿ ಎದುರುಬದುರು ಕೂತು ಚೆನ್ನೆ ಆಡಬಾರದು ಎಂದು ನಮ್ಮ ಮನೆಯಲ್ಲಿ ಹೇಳುತ್ತಿದ್ದರು.

ಮದುವೆ, ಆಸ್ತಿಯ ತಕರಾರು, ಸವತಿ, ಹೆರಿಗೆ, ಅಕ್ಕತಂಗಿಯರ ಪೈಪೋಟಿ: ಒಂದು ಕುಟುಂಬದಲ್ಲಿ ಆಗಬಹುದಾದ ಎಲ್ಲವೂ ಇದರಲ್ಲಿ ಉಂಟು. 1990ರಲ್ಲಿ ಫಿನ್ಲೆಂಡಿನ ವಿದ್ವಾಂಸ ಲೌರಿ ಹೋಂಕೊ ಮತ್ತು ಸಂಗಡಿಗರು ಬೆಳ್ತಂಗಡಿ ಕಡೆಯ ಗೋಪಾಲ ನಾಯ್ಕರು ಹೇಳಿದ ಸಿರಿ ಕಾವ್ಯವನ್ನು ದಾಖಲಿಸಿಕೊಂಡರು. 1998ರಲ್ಲಿ ಅಚ್ಚಾದಾಗ ಅದು 15,683 ಸಾಲು.

ನನಗೆ ಮುಖ್ಯವೆನಿಸುವುದು ಸಾಲಿನ ಲೆಕ್ಕಕ್ಕಿಂತ ನಂದಳಿಕೆ, ಕವತ್ತಾರಿನ ಸಿರಿ ಜಾತ್ರೆಯಲ್ಲಿ ನಡೆಯುವುದು. ಮನೆಯಲ್ಲಿ ಬಾಯಿ ಬಿಡದ ಹೆಂಗಸು ಕೈಯಲ್ಲಿ ಹಿಂಗಾರ (ಅಡಿಕೆಯ ಹೂ) ಹಿಡಿದು ‘ನಾನು ಸಿರಿ’, ‘ನಾನು ಸೊನ್ನೆ’, ‘ನಾನು ಅಬ್ಬಗ’ ಎಂದು ಪಾಡ್ದನದ ಧಾಟಿಯಲ್ಲೇ ಹೇಳಿಕೊಳ್ಳುತ್ತಾಳೆ. ಕುಮಾರನ ಪಾತ್ರದವನು ಎದುರು ನಿಂತು ಅವಳನ್ನು ಮಾತಾಡಿಸುತ್ತಾನೆ. ಗಂಡ, ಅತ್ತೆ, ಅಣ್ಣಂದಿರು ಸುತ್ತ ನಿಂತು ಕೇಳಬೇಕು. ತನ್ನ ಸಂಕಟವನ್ನು ತನ್ನ ಹೆಸರಿನಲ್ಲಿ ಹೇಳಿದ್ದರೆ ಅವಳಿಗೆ ‘ಬಾಯಿ ಜಾಸ್ತಿ’ ಅನ್ನುತ್ತಿದ್ದರು. ಸಿರಿಯಾಗಿ ಹೇಳಿದರೆ ಅದಕ್ಕೆ ಉತ್ತರ ಕೊಡಲೇಬೇಕಾಗುತ್ತದೆ. ನಾನು ಭಕ್ತನೋ ಅಲ್ಲವೋ ಅದು ಬೇರೆ ಪ್ರಶ್ನೆ. ಪದ್ಯಕ್ಕೆ ಮನೆಯೊಳಗೆ ಇಷ್ಟು ಅಧಿಕಾರ ಕೊಟ್ಟ ಇನ್ನೊಂದು ಜಾಗವನ್ನು ನಾನು ಕಂಡಿಲ್ಲ.

ಅದೇ ನಂದಳಿಕೆಯಲ್ಲಿ 1870ರಲ್ಲಿ ಹುಟ್ಟಿದವರು ಕವಿ ಮುದ್ದಣ, ನಿಜ ಹೆಸರು ಲಕ್ಷ್ಮೀನಾರಣಪ್ಪ. ಉಡುಪಿಯಲ್ಲಿ ವ್ಯಾಯಾಮದ ಮಾಸ್ತರರಾಗಿದ್ದ ಅವರು ತಮ್ಮ ಕೃತಿಗಳನ್ನು ಹಳೆಯ ಕವಿಯೊಬ್ಬನದು ಎಂದು ಹೇಳಿ ಅಚ್ಚಿಗೆ ಕಳಿಸಿದರು, 1901ರಲ್ಲಿ ಕ್ಷಯದಿಂದ ತೀರಿಕೊಂಡರು. ಅವರ ‘ರಾಮಾಶ್ವಮೇಧ’ದ ಕತೆಗಿಂತ ಜನರ ನೆನಪಿನಲ್ಲಿ ಉಳಿದದ್ದು ನಡುವೆ ಬರುವ ಗಂಡಹೆಂಡಿರ ಸರಸದ ಮಾತು, ಮನೋರಮೆ ಗಂಡನ ಪಾಂಡಿತ್ಯವನ್ನೇ ತಮಾಷೆ ಮಾಡುವ ಜಾಗ. ಹೆಂಡತಿಯ ಕಣ್ಣಿನಲ್ಲಿ ತಾನು ಹೇಗೆ ಕಾಣುತ್ತೇನೆ ಎಂದು ಬರೆದ ಕವಿ ತನ್ನ ನಿಜ ಹೆಸರನ್ನು ಮುಚ್ಚಿಟ್ಟದ್ದು ನನ್ನನ್ನು ತುಂಬ ಕಾಡುತ್ತದೆ.


ದೇವರಮನೆ (ಉಡುಪಿ)

ಎಲ್ಲರೂ ಒಂದೇ ಕಡೆ ವಾಲುತ್ತಿದ್ದೀರಿ. ಅಮ್ಮನನ್ನು ಹೊಗಳಿ ಬರೆದರೆ ಏನು ತಪ್ಪು? ಸ್ತುತಿ ನಮ್ಮ ಪರಂಪರೆ. ಹೆತ್ತವರ ಕೊರತೆ ಎತ್ತಿ ಹೇಳುವುದನ್ನೇ ‘ನಿಜವಾದ ಕವಿತೆ’ ಎಂದು ಕರೆಯುವುದು ನನಗೆ ಸರಿ ಕಾಣುವುದಿಲ್ಲ. ಮನೆಯ ವಿಷಯ ಮನೆಯಲ್ಲಿ ಇರಬೇಕು.


ನೇತ್ರಾವತಿ_ದಡ

ನಿಮ್ಮ ಪ್ರಶ್ನೆ ಬೇಕಾಗಿತ್ತು. ಸ್ತುತಿಯ ಬಗ್ಗೆ ನನಗೂ ಗೌರವ ಉಂಟು. ಆದರೆ ಒಳ್ಳೆಯ ಸ್ತುತಿ ಕಣ್ಣು ಮುಚ್ಚಿ ಮಾಡುವಂಥದ್ದಲ್ಲ. ನಿಮ್ಮಲ್ಲೇ ಮದುವೆ ಮನೆಯಲ್ಲಿ ಹಾಡುವ ವಾದಿರಾಜರ ಲಕ್ಷ್ಮೀ ಶೋಭಾನೆ ನೋಡಿ. ಅದಕ್ಕಿಂತ ಮಂಗಳಕರವಾದ ಹಾಡು ಉಡುಪಿಯಲ್ಲಿ ಇಲ್ಲ. ಅದರಲ್ಲಿ ಲಕ್ಷ್ಮಿ ಮಾಲೆ ಹಿಡಿದು ಬರುವಾಗ ಸಾಲಾಗಿ ನಿಂತ ದೇವತೆಗಳಲ್ಲಿ ಒಬ್ಬೊಬ್ಬರಲ್ಲೂ ಇಂಥದ್ದೊಂದು ಕೊರತೆ ಎಂದು ಎಣಿಸಿ, ದಾಟಿಕೊಂಡು, ಆಮೇಲೆ ಹರಿಗೆ ಮಾಲೆ ಹಾಕುತ್ತಾಳೆ. ಹೊಸ ಮದುಮಗಳ ಎದುರು ಹಿರಿಯ ಹೆಂಗಸರು ಕೂತು ಹಾಡುವುದು ಇದನ್ನೇ. ಆರಿಸುವವಳ ಕಣ್ಣು ಚುರುಕಾಗಿದ್ದಾಗಲೇ ಕೊನೆಯ ಮೆಚ್ಚುಗೆಗೆ ಬೆಲೆ.

‘ಮನೆಯ ವಿಷಯ ಮನೆಯಲ್ಲಿ’ ಎಂಬುದಕ್ಕೆ ಉತ್ತರ ಅಷ್ಟು ಸುಲಭ ಇಲ್ಲ. ಅದನ್ನು ನಾನು ತಳ್ಳಿಹಾಕುವುದಿಲ್ಲ. ಕೆಳಗೆ ಬೇರೆಯವರೂ ಹೇಳಲಿ.


ಕಡಲಾಚೆ (ಅಬುಧಾಬಿ, ಊರು ಮಲ್ಪೆ)

ಟೀಚರ್ ಕೇಳಿದ ನಾಲ್ಕು ಸಾಲು:

ವಿಡಿಯೋ ಕಾಲಿನಲ್ಲಿ ಅಮ್ಮನ ಹಣೆ, ಮೇಲೆ ತಿರುಗುವ ಫ್ಯಾನು.
‘ಕಾಣ್ತಾ ಉಂಟಾ?’ ‘ಕಾಣ್ತಾ ಉಂಟು.’
ಮೂಲೆಯ ಸಣ್ಣ ಚೌಕದಲ್ಲಿ ನಾನು:
ಅವಳು ನೋಡುವುದು ಆ ಬೋಳುತಲೆಯವನನ್ನು,
ಹೇಳುವುದು ‘ಹುಡುಗ ಬಳಲಿದ್ದಾನೆ’ ಅಂತ.


ನೇತ್ರಾವತಿ_ದಡ

ಹಣೆ ಮತ್ತು ಫ್ಯಾನು ಬಹಳ ಚೆನ್ನಾಗಿದೆ. ‘ಹುಡುಗ’ ಎಂಬ ಮಾತಿನಲ್ಲಿ ಅಮ್ಮನೂ ನೀವೂ ಇಬ್ಬರೂ ಬಂದಿದ್ದೀರಿ. ಒಂದು ಸಾಲೂ ಮುಟ್ಟಬೇಡಿ.


ಕಾರ್ಕಳ_ಕುಟುಂಬ

ನಮ್ಮ ಕಡೆಯ ಅಪ್ಪಂದಿರ ಬಗ್ಗೆ ಒಂದು ವಿಷಯ. ಪಠ್ಯಪುಸ್ತಕದ ಕವಿತೆಗಳಲ್ಲಿ ಅಪ್ಪನೇ ಮನೆಯ ಯಜಮಾನ. ಅಳಿಯಸಂತಾನದ (ತಾಯಿಯ ಕಡೆಯಿಂದ ವಂಶ, ಆಸ್ತಿ ನಡೆಯುವ) ಮನೆಯಲ್ಲಿ ಹುಟ್ಟಿದವರಿಗೆ ಆ ಚಿತ್ರ ಪೂರ್ತಿ ಹೊಂದುವುದಿಲ್ಲ. ನಮ್ಮ ಬಳಿ (ಗೋತ್ರದ ಹಾಗಿನ ಕುಲದ ಗುರುತು) ಅಮ್ಮನದು, ಕುಟುಂಬದ ಮನೆ ಅಮ್ಮನದು, ಅಲ್ಲಿ ಮಾತು ನಡೆಯುವುದು ಮಾವಂದಿರದ್ದು. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆಯಲ್ಲಿ ಪಾಲು ಕೇಳುವ ದಾರಿ ಆಯಿತು, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂತು, ಆಸ್ತಿಯ ಲೆಕ್ಕಾಚಾರ ಬದಲಾಯಿತು. ಆದರೆ ದೈವದ ಚಾವಡಿಯಲ್ಲಿ ಯಾರು ಎಲ್ಲಿ ನಿಲ್ಲಬೇಕು ಎಂಬುದು ಬದಲಾಗಲಿಲ್ಲ. ದೈವಕ್ಕೆ ನಡೆಸುವ ಕೋಲದ (ದೈವನರ್ತನದ) ಬಗ್ಗೆ ನಾನು ಬರೆದದ್ದು:

ಕೋಲದ ರಾತ್ರಿ
ಮಾವಂದಿರು ಚಾವಡಿಯಲ್ಲಿ, ಅಪ್ಪ ಅಂಗಳದಲ್ಲಿ.
ದೈವ ನಮ್ಮ ಕುಟುಂಬವನ್ನು ಕರೆದಾಗ
ನಾನು ಒಂದು ಹೆಜ್ಜೆ ಮುಂದೆ ಹೋದೆ,
ಅಪ್ಪ ಒಂದು ಹೆಜ್ಜೆ ಹಿಂದೆ ಸರಿದರು.
ಪ್ರಸಾದ ಹಿಡಿದು ತಿರುಗಿದರೆ
ಎಲ್ಲರೂ ಹೇಳುತ್ತಾರೆ: ನಡಿಗೆ ಥೇಟು ಅಪ್ಪನದು.


ಹಳೆಮನೆ

ಇದನ್ನು ಬಹಳ ಹೊತ್ತು ನೋಡಿದೆ. ಮುಂದೆ ಹೋಗುವ ಹೆಜ್ಜೆ ಅಮ್ಮನ ಕಡೆಯಿಂದ ಬಂದ ಹಕ್ಕು, ಆ ಹೆಜ್ಜೆ ಇಡುವ ರೀತಿ ಅಪ್ಪನದು. ವಿವರಣೆ ಒಂದೂ ಇಲ್ಲದೆ ಎರಡೂ ಬಂದಿದೆ. ಮೊಗೇರಿಯಲ್ಲಿ ಹುಟ್ಟಿದ ಗೋಪಾಲಕೃಷ್ಣ ಅಡಿಗರ ‘ಭೂತ’ ನೆನಪಾಯಿತು. ಹಿರಿಯರ ಕಾಲ ನಮ್ಮನ್ನು ಕಾಡುತ್ತದೆ, ಅದನ್ನು ಅಗೆದು ಅದಿರು ತೆಗೆದು ಕಾಯಿಸಿ ಬಡಿದು ನಮ್ಮ ವಿಗ್ರಹ ಮಾಡಿಕೊಳ್ಳುವ ಕಸುಬು ಕಲಿಯಬೇಕು ಎಂಬಲ್ಲಿಗೆ ಆ ಕವಿತೆ ಬಂದು ನಿಲ್ಲುತ್ತದೆ. ದೈವವನ್ನೂ ಭೂತ ಎಂದೇ ಕರೆಯುವ ನಮ್ಮ ಕರಾವಳಿಯವರಿಗೆ ಆ ಹೆಸರು ಬರೀ ಕಳೆದ ಕಾಲವಾಗಿ ಕೇಳಿಸುವುದಿಲ್ಲ, ಅಂಗಳದಲ್ಲಿ ದೈವದ ಕಾಲಿನ ಗಗ್ಗರದ ಸದ್ದಾಗಿಯೂ ಕೇಳಿಸುತ್ತದೆ.


ಅಬ್ಬಿ_ಮಗ (ಕುಂದಾಪುರ)

ಹ್ವಾಯ್, ನಾನು ಸುಮಾರು ವರ್ಷ ಪುಸ್ತಕದ ಕನ್ನಡದಲ್ಲೇ ಅಮ್ಮನ ಬಗ್ಗೆ ಬರೆಯುತ್ತಿದ್ದೆ. ಬರೆದದ್ದರಲ್ಲಿ ಇರುವವಳು ನಮ್ಮ ಅಬ್ಬಿ (ಅಮ್ಮ) ಅಂತ ಅನಿಸುತ್ತಲೇ ಇರಲಿಲ್ಲ, ಯಾರೋ ಹೆಡ್‌ಮಿಸ್ಸಿನ ಹಾಗೆ ಇರುತ್ತಿದ್ದಳು. ಈಗ ನಮ್ಮ ಕುಂದಾಪುರ ಕನ್ನಡದಲ್ಲಿ ಇಷ್ಟೇ ಬರೆದಿಟ್ಟುಕೊಂಡಿದ್ದೇನೆ:

ಅಬ್ಬಿ ಕೇಂಡ್ಳ್: ಉಂಡ್ಯಾ ಮಗಾ?
ನಾ ಹೇಳ್ದೆ: ಹ್ಞೂಂ.
ಉಣ್ಲಿಲ್ಲ ಅಂದೇಳಿ ಅವ್ಳಿಗ್ ಗೊತ್ತಿತ್.


ಮೂರನೇ_ಮಗಳು (ಮಂಗಳೂರು)

ನಾನು ಈ ಮೊದಲು ಯಾರಿಗೂ ತೋರಿಸಿಲ್ಲ. ‘ಮನೆಯ ವಿಷಯ ಮನೆಯಲ್ಲಿ’ ಎಂದು ಮೇಲೆ ಬರೆದವರ ಪ್ರಶ್ನೆ ನನ್ನದೂ ಹೌದು, ಆದರೆ ನಾನು ನಿಂತಿರುವುದು ಅದರ ಇನ್ನೊಂದು ಬದಿಯಲ್ಲಿ.

ಹಳೆ ಆಲ್ಬಮ್ಮಿನಲ್ಲಿ ಒಂದು ಫೋಟೋ ಅರ್ಧ ಕತ್ತರಿಸಿದ್ದಾರೆ.
ಉಳಿದದ್ದು ಒಂದು ಭುಜ, ಜಡೆಯ ತುದಿ.
ನಾನು ಎದುರು ಮಾತಾಡಿದಾಗೆಲ್ಲ ಅಜ್ಜಿ ಹೇಳುವುದು:
‘ಥೇಟ್ ಅವಳೇ.’
ಹೆಸರು ಹೇಳುವುದಿಲ್ಲ.

ಮದುವೆಗೆ ನೋಡಲು ಬಂದವರ ಮುಂದೆ
ಚಾದ ಟ್ರೇ ಹಿಡಿದು ನಿಲ್ಲುವಾಗ
ಅಮ್ಮ ನನ್ನ ಭುಜದ ಮೇಲೆ ಸೆರಗು ಸರಿಮಾಡಿದಳು,
ಕತ್ತರಿ ಎಲ್ಲಿಂದ ಬಂದಿತ್ತೋ
ಸರಿಯಾಗಿ ಅಲ್ಲಿ.

ಫೋಟೋದಲ್ಲಿ ಇದ್ದವರು ನನ್ನ ಚಿಕ್ಕಮ್ಮ. ಬದುಕಿದ್ದಾರೆ, ಬೇರೆ ಊರಿನಲ್ಲಿದ್ದಾರೆ. ಮನೆಯವರಿಗೆ ಬೇಡವಾದ ಒಂದು ಮದುವೆ ಮಾಡಿಕೊಂಡರು ಎಂಬುದಷ್ಟೇ ನನಗೆ ಗೊತ್ತು. ನಾನು ಸಣ್ಣವಳಿರುವಾಗಿನಿಂದ ನನ್ನ ಮುಖವನ್ನು ಮನೆಯವರು ಚಿಕ್ಕಮ್ಮನ ತಪ್ಪಿನ ಹಾಗೆ ನೋಡಿದ್ದಾರೆ. ಕನ್ನಡಿ ನೋಡುವಾಗ ನಾನೂ ಹಾಗೇ ನೋಡಿಕೊಳ್ಳುತ್ತಿದ್ದೆ. ಇದನ್ನು ಬರೆದ ಮೇಲೆ ಅದು ಸ್ವಲ್ಪ ಸಡಿಲವಾಗಿದೆ. ಆದರೆ ಅಚ್ಚಿಗೆ ಕೊಡಬಹುದಾ? ಅಮ್ಮ ಓದಿದರೆ? ಚಿಕ್ಕಮ್ಮ ಓದಿದರೆ?


ಹೆಬ್ರಿಯವ

ಅಕ್ಕ, ಆ ‘ಸರಿಯಾಗಿ ಅಲ್ಲಿ’ ಓದಿ ಮೈ ಜುಂ ಅಂತು.


ಶಿರ್ವದ_ದಾರಿ

ಅಚ್ಚಿನ ಬಗ್ಗೆ ನನ್ನ ಅನುಭವ ಹೇಳುತ್ತೇನೆ. ಅಣ್ಣ ಕುಡಿಯುತ್ತಿದ್ದ ಕಾಲದ ಬಗ್ಗೆ ನಾನು ಬರೆದ ಕವಿತೆ ಒಂದು ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಬಂತು. ಅಣ್ಣನ ಹೆಸರು ಹಾಕಿರಲಿಲ್ಲ. ಆದರೆ ನಮ್ಮದು ಸಣ್ಣ ಊರು. ಅತ್ತಿಗೆಯನ್ನು ಅಂಗಡಿಯಲ್ಲಿ ಯಾರೋ ಕೇಳಿದರು. ಆಗ ಅಣ್ಣ ಕುಡಿತ ಬಿಟ್ಟು ವರ್ಷವಾಗಿತ್ತು. ಅವನು ನನಗೆ ಬೈಯಲಿಲ್ಲ, ನಮ್ಮ ಮನೆಗೆ ಬರುವುದನ್ನು ನಿಲ್ಲಿಸಿದ. ಕವಿತೆ ಕೆಟ್ಟದ್ದಿರಲಿಲ್ಲ, ಈಗಲೂ ಅದರ ಮೇಲೆ ನನಗೆ ನಂಬಿಕೆ ಉಂಟು. ಆದರೆ ಅದರಲ್ಲಿದ್ದ ಮುಖ್ಯ ಘಟನೆ ಅವನ ಬದುಕಿನದ್ದು. ಬಾಗಿಲ ಹಿಂದೆ ನಿಂತು ನಾನು ಹೆದರಿದ್ದು ಮಾತ್ರ ನನ್ನದು. ಇದನ್ನು ತಿಳಿದುಕೊಂಡೇ ನಿರ್ಧಾರ ಮಾಡಿ.


ನೇತ್ರಾವತಿ_ದಡ

ಶಿರ್ವದವರು ಗೆರೆ ಎಲ್ಲಿ ಬರಬೇಕು ಎಂದು ನನಗಿಂತ ಚೆನ್ನಾಗಿ ಹೇಳಿದ್ದಾರೆ. ಮೂರನೇ ಮಗಳೇ, ನಿಮ್ಮ ಕವಿತೆಯಲ್ಲಿ ಚಿಕ್ಕಮ್ಮನ ಗುಟ್ಟು ಒಂದೂ ಹೊರಗೆ ಬಂದಿಲ್ಲ. ಅವರು ಏನು ಮಾಡಿದರು, ಯಾರನ್ನು ಮದುವೆಯಾದರು, ಯಾವುದೂ ಇಲ್ಲ. ಇರುವುದು ಫೋಟೋಕ್ಕೆ ಆದದ್ದು, ನಿಮ್ಮ ಭುಜಕ್ಕೆ ಆದದ್ದು. ಅದು ನಿಮ್ಮ ಸ್ವಂತ. ಅದನ್ನು ಹೇಳಲು ಯಾರ ಅಪ್ಪಣೆಯೂ ಬೇಡ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಅಮ್ಮ ಓದಿದರೆ ನೋವಾಗಬಹುದು. ಆದರೆ ಸೆರಗು ಸರಿಮಾಡುವ ಕೈಯಲ್ಲಿ ಹೆದರಿಕೆಯೂ ಕಾಣುತ್ತದೆ, ಅವರನ್ನು ನೀವು ಕೆಟ್ಟವರನ್ನಾಗಿ ಮಾಡಿಲ್ಲ. ಚಿಕ್ಕಮ್ಮನ ವಿಷಯ ಬೇರೆ. ಅಚ್ಚಿಗೆ ಕೊಡುವ ಮೊದಲು ಅವರಿಗೆ ಕಳಿಸಿ ಎಂದು ನನ್ನ ಸಲಹೆ. ಆ ಆಲ್ಬಮ್ಮಿನಿಂದ ತೆಗೆದುಹಾಕಿದ್ದು ಅವರನ್ನು. ತನ್ನ ಹಾಗೆ ಕಾಣುವ ಒಬ್ಬಳು ಆ ಮನೆಯಲ್ಲಿ ಬೆಳೆದಿದ್ದಾಳೆ ಎಂಬುದು ಪೇಪರಿನಲ್ಲಿ ಓದಿ ತಿಳಿಯುವ ವಿಷಯ ಆಗಬಾರದು.


ದೇವರಮನೆ

ಮೇಲಿನ ಮಗುವಿನ ಕವಿತೆ ಓದಿದೆ. ನಾನು ಹೇಳಿದ್ದನ್ನು ಪೂರ್ತಿ ಹಿಂದೆ ತೆಗೆದುಕೊಳ್ಳುವುದಿಲ್ಲ. ಶಿರ್ವದವರ ಅಣ್ಣನ ಕಡೆಗೇ ನನ್ನ ಮನಸ್ಸು ಹೋಗುತ್ತದೆ. ಆದರೆ ಈ ಕವಿತೆಯಲ್ಲಿ ಯಾರ ಮಾನವೂ ಹೋಗಿಲ್ಲ. ಚಿಕ್ಕಮ್ಮನಿಗೆ ಕಳಿಸಮ್ಮ.


ಬೀಡಿಬ್ರಾಂಚ್

ಟೀಚರ್, ನೀವು ಕೇಳಿದ್ದಕ್ಕೆಲ್ಲ ಉತ್ತರ ಬರೆಯುತ್ತ ಹೋದೆ, ಅದು ಹೀಗಾಯಿತು:

ಶನಿವಾರ ಬ್ರಾಂಚಿಗೆ ಹೋಗುವುದು ನಾನು.
ಅವನು ಕಟ್ಟು ಬಿಡಿಸಿ, ಬೆರಳಲ್ಲಿ ಒತ್ತಿ
ಆಗದ್ದನ್ನು ಬದಿಗೆ ಎಸೆಯುತ್ತಾನೆ.
ಎಸೆದದ್ದನ್ನು ನಾನು ಅಮ್ಮನಿಗೆ ಹೇಳುವುದಿಲ್ಲ.

ಶಾಲೆಯಲ್ಲಿ ಹಿಂದಿನ ಬೆಂಚಿನವ ಮೂಸಿ ನೋಡಿ ನಕ್ಕ.
ಆ ದಿನ ನನ್ನ ಅಂಗಿ ನಾನೇ ಒಗೆದೆ,
ಎರಡು ಸಲ, ಸೋಪು ಕರಗುವ ತನಕ.
ಅಮ್ಮ ತಡ್ಪೆಯಿಂದ ತಲೆ ಎತ್ತಿ ನೋಡಿದಳು,
ಹೆಬ್ಬೆರಳ ಉಗುರು ಎಲೆಯ ತುದಿಯನ್ನು
ಒಳಗೆ ಮಡಚುತ್ತಲೇ ಇತ್ತು.

ಈಗಲೂ ಹೊಸಬರಿಗೆ ಕೈ ಕೊಡುವ ಮೊದಲು
ಮೂಸಿ ನೋಡಿಕೊಳ್ಳುತ್ತೇನೆ.
ಅಮ್ಮಾ, ನಿನ್ನ ತ್ಯಾಗಕ್ಕೆ ನಮನ.


ಹಳೆಮನೆ

ತಮ್ಮಾ, ಇದು ಕವಿತೆ. ಮೊದಲು ಬರೆದದ್ದರಲ್ಲಿ ಅಮ್ಮ ಎಷ್ಟು ಎತ್ತರದಲ್ಲಿದ್ದರೂ ಕೈಗೆ ಸಿಗುತ್ತಿರಲಿಲ್ಲ. ಇಲ್ಲಿ ತಡ್ಪೆಯ (ಮೊರದ) ಹತ್ತಿರ ನೆಲದಲ್ಲಿ ಕೂತಿದ್ದಾರೆ. ಹೊಗೆಸೊಪ್ಪಿನ ಹುಡಿ ತುಂಬಿ, ಎಲೆ ಸುತ್ತಿ, ತುದಿ ಮಡಚುವ ಆ ಉಗುರನ್ನು ನೋಡಿದವರಿಗೆ ಗೊತ್ತು, ಸೋರದ ಹಾಗೆ ಮುಚ್ಚುವುದು ಅದೇ.


ನೇತ್ರಾವತಿ_ದಡ

ಕೊನೆಯ ಸಾಲು ತೆಗೆಯಿರಿ. ಕೈ ಮೂಸುವ ಸಾಲಿನಲ್ಲಿ ನೀವು ನಿಮ್ಮ ಬಗ್ಗೆ ಹೇಳಿಕೊಂಡದ್ದು ಕಷ್ಟದ ಮಾತು. ಅದನ್ನು ಹೇಳಿ, ಹೆದರಿ, ಕೂಡಲೇ ಅಮ್ಮನ ಕಾಲಿಗೆ ಬಿದ್ದ ಹಾಗೆ ಆಗಿದೆ. ಅಮ್ಮನ ಮೇಲಿನ ಗೌರವ ‘ಎಸೆದದ್ದನ್ನು ನಾನು ಹೇಳುವುದಿಲ್ಲ’ ಎಂಬಲ್ಲೇ ಬಂದುಹೋಗಿದೆ. ಒಬ್ಬ ಸಣ್ಣ ಹುಡುಗ ತನ್ನಿಂದಾದಷ್ಟು ಅಮ್ಮನನ್ನು ಕಾಪಾಡಿದ್ದಾನೆ.

ಅಮ್ಮನಿಗೆ ಓದಿ ಹೇಳಿದಿರಾ?


ಬೀಡಿಬ್ರಾಂಚ್

ಕೊನೆಯ ಸಾಲು ತೆಗೆದೆ. ನಿನ್ನೆ ರಾತ್ರಿ ಊಟ ಆದ ಮೇಲೆ ಓದಿದೆ. ಕನ್ನಡದಲ್ಲಿ ಓದಿ, ನಡುನಡುವೆ ತುಳುವಿನಲ್ಲಿ ಹೇಳಿದೆ. ಅಂಗಿ ಒಗೆದ ಜಾಗಕ್ಕೆ ಅವರು ಏನೂ ಹೇಳಲಿಲ್ಲ. ಬ್ರಾಂಚಿನ ಜಾಗಕ್ಕೆ ಹಿಂದೆ ಹೋಗಿ, ‘ಎಂಕ್ ಗೊತ್ತಿತ್ತ್‌ಂಡ್ ಮಗಾ’ (ನನಗೆ ಗೊತ್ತಿತ್ತು ಮಗಾ) ಅಂದರು. ಎಸೆದದ್ದನ್ನೆಲ್ಲ ಬ್ರಾಂಚಿನವರು ಪುಸ್ತಕದಲ್ಲಿ ಕಳೆದು ಬರೆಯುತ್ತಿದ್ದರು, ಆ ಪುಸ್ತಕ ಅಮ್ಮ ಪ್ರತಿ ವಾರ ನೋಡುತ್ತಿದ್ದರು. ನಾನು ಹೇಳದೆ ಇದ್ದದ್ದೂ ಅವರಿಗೆ ಗೊತ್ತಿತ್ತು. ಗೊತ್ತಿದ್ದೇ ಕೇಳಲಿಲ್ಲ.

ಈಗ ಆ ಸಾಲು ಏನು ಮಾಡುವುದು ಟೀಚರ್? ಸುಳ್ಳಾಯಿತಲ್ಲ?


ಹಳೆಮನೆ

ಸುಳ್ಳಾಗಲಿಲ್ಲ. ಆ ಸಾಲು ಹುಡುಗನದ್ದು, ಹುಡುಗನಿಗೆ ಗೊತ್ತಿದ್ದದ್ದು ಅಷ್ಟೇ. ಹಾಗೇ ಬಿಡು. ಅಮ್ಮನ ಮಾತನ್ನು ಇದಕ್ಕೆ ತುರುಕಬೇಡ, ಅದಕ್ಕೆ ಇನ್ನೊಂದು ಕವಿತೆ ಬರೆ.


ನೇತ್ರಾವತಿ_ದಡ

ನಾನು ಹಳೆಮನೆ ಮಾಸ್ಟ್ರ ಮಾತನ್ನು ಅರ್ಧ ಒಪ್ಪುತ್ತೇನೆ. ಸಾಲು ಬದಲಿಸಬೇಡಿ. ಆದರೆ ಅಮ್ಮನ ಮಾತು ಈ ಕವಿತೆಗೇ ಬರಬೇಕು, ತುಳುವಿನಲ್ಲೇ ಬರಬೇಕು. ಇಷ್ಟು ಹೊತ್ತು ಅಮ್ಮನನ್ನು ನೀವು ನೋಡುತ್ತಿದ್ದಿರಿ. ಅಮ್ಮ ನಿಮ್ಮನ್ನು ನೋಡುತ್ತಿದ್ದರು ಎಂಬುದು ಈಗ ತಿಳಿಯಿತು. ಅಂಗಿ ಒಗೆಯುವುದನ್ನು ತಲೆ ಎತ್ತಿ ನೋಡಿದವರಿಗೆ ಅದರ ಕಾರಣವೂ ತಿಳಿದಿರಬೇಕು. ಆ ಮಾತನ್ನು ಕೈ ಮೂಸುವ ಸಾಲಿನ ಮೊದಲು ಇಟ್ಟು ಒಮ್ಮೆ, ಕೊನೆಯಲ್ಲಿ ಇಟ್ಟು ಒಮ್ಮೆ ಗಟ್ಟಿಯಾಗಿ ಓದಿ ನೋಡಿ. ಮೊದಲು ಇಟ್ಟರೆ ಕವಿತೆ ನಿಮ್ಮಲ್ಲಿ ಮುಗಿಯುತ್ತದೆ, ಕೊನೆಯಲ್ಲಿ ಇಟ್ಟರೆ ಅಮ್ಮನಲ್ಲಿ. ನನಗೆ ಮೊದಲನೆಯದು ಹೆಚ್ಚು ಇಷ್ಟ. ಎಲ್ಲ ಗೊತ್ತಾದ ಮೇಲೂ ಕೈ ಮೂಸುವ ಅಭ್ಯಾಸ ಹೋಗಿಲ್ಲವಲ್ಲ.


ಮೂರನೇ_ಮಗಳು

ಅಣ್ಣ, ನನಗೂ ಮೊದಲೇ ಇದ್ದರೆ ಚಂದ ಅನಿಸುತ್ತದೆ. ನಾನು ಚಿಕ್ಕಮ್ಮನ ನಂಬರು ಸೋದರತ್ತೆಯ ಹತ್ತಿರ ಕೇಳಿದ್ದೇನೆ. ಯಾಕೆ ಅಂತ ಅವರು ಕೇಳಲಿಲ್ಲ, ಸಂಜೆ ಕಳಿಸುತ್ತೇನೆ ಅಂದರು.


ಬೀಡಿಬ್ರಾಂಚ್

ಎರಡೂ ರೀತಿ ಬರೆದಿಟ್ಟಿದ್ದೇನೆ ಟೀಚರ್. ಮುಂದಿನ ತಿಂಗಳು ಬಿಜೈಗೆ ತರುತ್ತೇನೆ, ಅಲ್ಲಿ ಓದಿ ನೋಡುವ. ತಮ್ಮನಿಗೂ ಕಳಿಸಿದ್ದೆ. ಶನಿವಾರ ಬ್ರಾಂಚಿಗೆ ಹೋಗುತ್ತಿದ್ದದ್ದು ನಾನೊಬ್ಬನೇ ಅಲ್ಲ, ಅವನೂ ಬರುತ್ತಿದ್ದ, ಅವನನ್ನು ಕವಿತೆಯಲ್ಲಿ ಯಾಕೆ ಬಿಟ್ಟೆ ಎಂದು ಫೋನು ಮಾಡಿ ಕೇಳುತ್ತಿದ್ದಾನೆ. ಅವನೂ ಬರುತ್ತಾನಂತೆ.